ಶುಕ್ರವಾರದ ಚೀಟಿ

ಇಳಕಲ್ಲ
17 ನವೆಂಬರ್ 2024, ರವಿವಾರ

ಪ್ರೀತಿಯ ಬಾನು,

ಧಾರವಾಡದ ಹಾಸ್ಟೆಲಿನಲ್ಲಿ ನಮ್ಮ ಕೋಣೆಯ ಕಿಟಕಿ ಪಕ್ಕದ ಗೋಡೆಯ ಮೇಲೆ ನೀನು ಪೆನ್ಸಿಲ್ಲಿನಿಂದ ಒಂದು ಸಾಲು ಬರೆದಿದ್ದೆ. "ಕೇಳುವವರಿದ್ದರಷ್ಟೇ ಮೊರೆ, ಇಲ್ಲದಿದ್ದರೆ..." ಮುಂದಿನದು ನೆನಪಾಗುತ್ತಿಲ್ಲ. ಇಲ್ಲದಿದ್ದರೆ ಏನು? ಬರೀ ಉಸಿರು ಅಂತಿತ್ತೋ, ಬರೀ ಗಾಳಿ ಅಂತಿತ್ತೋ? ಆಗ ಎಂ.ಎ. ಹುಡುಗಿಯರು ನಾವು, ಆ ಸಾಲನ್ನು ನಾನು ಎಷ್ಟು ಮೆಚ್ಚಿದ್ದೆ! ಈಗ ಅದರ ಮೊದಲ ಅರ್ಧವೇ ಖರೆಯಲ್ಲ ಅನ್ನಿಸುತ್ತದೆ. ಕೇಳುವವರು ಯಾರು ಅಂತ ನೋಡದೆ ಹಾಗೆ ಹೇಗೆ ಹೇಳಿಬಿಟ್ಟೆ ಬಾನು?

ಬಕ್ರೀದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಮೂರು ಸಲ ಶುರು ಮಾಡಿ ಬಿಟ್ಟೆ. ಫೋನು ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ಅಳು ಬಂದು ವಿಷಯ ಅಲ್ಲೇ ಉಳಿದುಬಿಡುತ್ತದೆ. ಬಾದಾಮಿಯಲ್ಲಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮಗಳು ಅರ್ಜು ಈ ಸಲ ಹತ್ತನೇ ಕ್ಲಾಸು ಅಲ್ಲವೇ? ಅವಳ ವಯಸ್ಸು ನೆನಪಾದರೇ ಈಗ ನನಗೆ ಹೆದರಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ.

ನಮ್ಮ ಕಾನ್ವೆಂಟ್ ಶಾಲೆಯನ್ನು ನೀನು ನೋಡಿಲ್ಲ. ಸಿಸ್ಟರುಗಳು ಮೂವರು. ನಾಲ್ಕು ನೂರು ಮಕ್ಕಳಲ್ಲಿ ಕ್ರೈಸ್ತ ಮಕ್ಕಳು ಹನ್ನೊಂದು ಮಾತ್ರ. ಉಳಿದವರು ಹಣೆಗೆ ವಿಭೂತಿ ಹಚ್ಚಿಕೊಂಡು ಬರುವವರು, ತಲೆಗೆ ದುಪಟ್ಟಾ ಕಟ್ಟಿಕೊಂಡು ಬರುವವರು, ಏನೂ ಇಲ್ಲದೆ ಹಾಗೇ ಓಡಿಬರುವವರು. ಅಂಗಳದಲ್ಲಿ ನಮ್ಮೂರ ಕೆಂಪು ಕಲ್ಲಿನಿಂದ ಕಟ್ಟಿದ ಮೇರಿತಾಯಿಯ ಗವಿ ಇದೆ. ಅದರ ಪಾದದ ಬಳಿ ಒಂದು ಕಟ್ಟಿಗೆಯ ಪೆಟ್ಟಿಗೆ. ದೇವರಿಗೆ ಏನು ಹೇಳಬೇಕೋ ಅದನ್ನು ಮಕ್ಕಳು ಚೀಟಿಯಲ್ಲಿ ಬರೆದು ಹಾಕುತ್ತಾರೆ. ನಿಮ್ಮ ಮಕ್ಕಳು ಮರಿಯಮ್ ಬೀಬಿಗೆ ಅಂತ ಬರೆಯುತ್ತಾರೆ, ನಮ್ಮವರು ಬಸವಣ್ಣನಿಗೇ ಬರೆದು ಮೇರಿತಾಯಿಯ ಪೆಟ್ಟಿಗೆಗೆ ಹಾಕುತ್ತಾರೆ. ಶುಕ್ರವಾರದ ಪ್ರಾರ್ಥನೆಯಲ್ಲಿ ಐದಾರು ಚೀಟಿ ಆರಿಸಿ ಓದುವುದು ನನ್ನ ಕೆಲಸ. ಹೆಸರು, ಊರು ಇದ್ದರೆ ಹೊಡೆದುಹಾಕಿ ಓದಬೇಕು, ಅದೊಂದೇ ನಿಯಮ. ಒಂದೊಂದು ಚೀಟಿ ಮುಗಿದ ಮೇಲೂ ಇಡೀ ಶಾಲೆ ಒಟ್ಟಿಗೆ "ದೇವರೇ, ನಮ್ಮ ಮೊರೆ ಕೇಳು" ಅನ್ನುತ್ತದೆ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಹತ್ತೊಂಬತ್ತು ವರ್ಷ ಆ ಗವಿಯ ಮುಂದೆ ನಿಂತು ಓದಿದ್ದೇನೆ, ಒಂದು ದಿನವೂ ಪರಕೀಯ ಅನ್ನಿಸಿಲ್ಲ.

ಎಂಥೆಂಥ ಚೀಟಿ ಬರುತ್ತವೆ ಗೊತ್ತೇ? "ಗಣಿತದ ಸರ್‌ಗೆ ಜ್ವರ ಬರ್ಲಿ, ದೊಡ್ಡದು ಬ್ಯಾಡ, ಎರಡು ದಿನದ್ದು ಸಾಕು." "ನಮ್ಮ ಎಮ್ಮಿ ಈ ಸಲ ಹೆಣ್ಣು ಕರಾ ಹಾಕ್ಲಿ." ನಮ್ಮ ಹೆಡ್ ಸಿಸ್ಟರ್ ಎವ್ಲಿನ್ ಮಂಗಳೂರಿನ ಕಡೆಯವರು, ಮಾತಿನ ಕೊನೆಗೆಲ್ಲ "ಆಯ್ತಾ" ಅನ್ನುತ್ತಾರೆ. ಒಬ್ಬ ಪುಣ್ಯಾತ್ಮ, "ಆಯ್ತಾ ಸಿಸ್ಟರ್ ಒಂದು ದಿನ ಆಯ್ತಾ ಅನ್ನದಽ ಇರಲಿ, ನಾವು ಬಾಜಿ ಕಟ್ಟೇವಿ" ಅಂತ ಬರೆದಿದ್ದ. ಅದನ್ನೂ ಓದಿದೆ. ಸಿಸ್ಟರ್ ಎಲ್ಲರಿಗಿಂತ ಜೋರಾಗಿ "ದೇವರೇ, ನಮ್ಮ ಮೊರೆ ಕೇಳು" ಅಂದರು.

ಈ ತಿಂಗಳ ಎಂಟನೇ ತಾರೀಖಿನ ಶುಕ್ರವಾರ ನಾನು ಓದಿದ ನಾಲ್ಕನೆಯ ಚೀಟಿಯಲ್ಲಿ ಹೀಗಿತ್ತು:

"ತಾಯೀ, ತುಳಸಿ ಲಗ್ನ ಆದ ಮ್ಯಾಲ ನನ್ನ ಕುಳಗೇರಿ ಕ್ರಾಸಿನ ಒಂದು ಮನಿಗೆ ಕೊಡ್ತಾರಂತ. ಅವರದು ಟೈರಿನ ಅಂಗಡಿ. ಆ ಮನ್ಯಾಗ ಚಾ ಕುಡಿದ್ರ ಚಾದಾಗೂ ಟೈರಿನ ವಾಸನಿ ಬರತೈತಿ. ನನಗ ಅದು ಆಗಂಗಿಲ್ಲ. ಪರೀಕ್ಷಾ ಮುಗಿಯೂತನ ಆದ್ರೂ ಅವರನ್ನ ತಡಿ."

ಕುಳಗೇರಿ ಕ್ರಾಸ್ ಅನ್ನುವುದನ್ನು ಹೊಡೆದುಹಾಕಿದೆ. ಟೈರಿನ ಅಂಗಡಿ ಹೊಡೆಯಲಿಲ್ಲ. ಅದು ಹೋದರೆ ಚಹದ ಮಾತು ಹೋಗುತ್ತಿತ್ತು. ಬಾನು, ನೀನಾದರೂ ಅರ್ಥ ಮಾಡಿಕೊಳ್ಳುತ್ತೀ. ನೂರು ಚೀಟಿಯಲ್ಲಿ ಒಂದು ಸಾಲು ಹಾಗೆ ಜೀವ ಇಟ್ಟುಕೊಂಡು ಬಂದಿರುತ್ತದೆ. ಕವಿತೆ ಓದಿ ಓದಿ ಕೆಟ್ಟ ಬುದ್ಧಿ ನನ್ನದು, ಅದನ್ನು ಕೊಲ್ಲಲು ಮನಸ್ಸಾಗಲಿಲ್ಲ. ಯಾರ ಚೀಟಿಯೋ ನನಗೆ ಗೊತ್ತಿರಲಿಲ್ಲ. ಓದಿದೆ. ಚಹದ ಮಾತಿಗೆ ಸಣ್ಣ ಮಕ್ಕಳು ಕಿಸಕ್ಕನೆ ನಕ್ಕರು. ಆಮೇಲೆ ನಾಲ್ಕು ನೂರು ದನಿ ಒಟ್ಟಿಗೆ ಮೊರೆಯಿಟ್ಟವು. ಹಿಂದೆ ಗೇಟಿನ ಬಳಿ ನಮ್ಮ ಶಾಲೆಯ ವ್ಯಾನಿನ ಡ್ರೈವರ್ ಹನಮಂತಪ್ಪ ಎಂದಿನಂತೆ ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದ. ಅವನ ತುಟಿಯೂ ಅಲುಗಿದ್ದನ್ನು ನೋಡಿದೆ.

ಪ್ರಾರ್ಥನೆ ಮುಗಿದ ಮೇಲೆ ಬಂದ. "ಟೀಚರ್ರ, ಆ ಟೈರಿನ ಚೀಟಿ ಯಾರದ್ರಿ?"

"ಚೀಟಿಗೆ ಹೆಸರು ಇರೂದಿಲ್ಲಲ್ಲ ಹನಮಂತಪ್ಪ."

"ಖರೇರಿ, ದೇವರಿಗೆ ಹೆಸರ್ಯಾಕ ಬೇಕು? ಅವಗ ತಿಳಿದಿರತೈತಿ," ಅಂದು ನಕ್ಕ. "ನಮಗೂ ತಿಳೀತೈತಿ ಬಿಡ್ರಿ."

ಸೋಮವಾರ ವ್ಯಾನು ಬಂದಾಗ ಗುಡೂರಿನ ಮಕ್ಕಳೆಲ್ಲ ಇಳಿದರು. ಹತ್ತನೇ ಕ್ಲಾಸಿನ ಮಾದೇವಿ ಇಳಿಯಲಿಲ್ಲ. ಹನಮಂತಪ್ಪ ಅವಳ ಕಾಕಾ, ಅವಳಪ್ಪನ ಒಡಹುಟ್ಟಿದ ತಮ್ಮ. ಕೇಳಿದರೆ "ಜ್ವರ ಬಂದೈತ್ರಿ" ಅಂದ. ಮಂಗಳವಾರ "ಅಜ್ಜೀ ಊರಿಗೆ ಹೋಗ್ಯಾಳ" ಅಂದ. ಬುಧವಾರ ನಾನು ಕೇಳಲಿಲ್ಲ. ಗುರುವಾರ ಅವನೇ ಸ್ಟಾಫ್ ರೂಮಿಗೆ ಬಂದು, ಗ್ರಂಥಾಲಯದ ಎರಡು ಪುಸ್ತಕಗಳನ್ನು ಪೇಪರಿನಲ್ಲಿ ಸುತ್ತಿದ್ದನ್ನು ನನ್ನ ಮೇಜಿನ ಮೇಲಿಟ್ಟ. "ನಿಮ್ಮ ಸಾಲೀವು. ಆಕಿಗೆ ಇನ್ನ ಬೇಕಾಗಂಗಿಲ್ಲ." ಅವಳ ಪಕ್ಕದಲ್ಲಿ ಕೂಡುವ ಹುಡುಗಿಯನ್ನು ಕರೆದು ಕೇಳಿದೆ. ಅವಳು ಬಾಗಿಲ ಕಡೆ ನೋಡುತ್ತ, "ಡಿಸೆಂಬರ್ ಎಂಟಕ್ಕ ಐತಂತ್ರಿ. ಆಕೀನ ಮನ್ಯಾಗಿಂದ ಹೊರಗ ಬಿಡವಲ್ರು. ನಾ ಹೇಳೇನಂತ ಹೇಳಬ್ಯಾಡ್ರಿ ಟೀಚರ್," ಅಂದಳು.

ಹದಿನೈದು ವರ್ಷ ಬಾನು. ಜೂನಿಗೆ ಹದಿನೈದು ತುಂಬಿದೆ. ದಾಖಲಾತಿ ಪುಸ್ತಕ ತೆಗೆದು ನೋಡಿದೆ.

ಸಿಸ್ಟರ್ ಎವ್ಲಿನ್ ಬಳಿ ಹೋಗಿ ಎಲ್ಲ ಹೇಳಿದೆ, ಮಕ್ಕಳ ಸಹಾಯವಾಣಿಗೆ ಫೋನು ಮಾಡೋಣ ಅಂದೆ. ಡಿಸೆಂಬರ್ ಎಂಟು ಮೇರಿತಾಯಿಯ ಹಬ್ಬದ ದಿನವಂತೆ. ತಾರೀಖು ಕೇಳಿ ಅವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಹೋದ ವರ್ಷ ಕೆಲವರು ಬಂದು, "ಲಿಂಗ ಕಟ್ಟಿದ ಮಕ್ಕಳ ಕೈಲೆ ಮೇರಿಗೆ ಚೀಟಿ ಬರೆಸ್ತೀರೇನು? ಜಾತಿ ಕೆಡಸಾಕ ಬಂದೀರಿ" ಅಂತ ಇದೇ ಕೋಣೆಯಲ್ಲಿ ಮೇಜು ಕುಟ್ಟಿ ಹೋಗಿದ್ದರು. ಆ ದಿನ ಸಿಸ್ಟರ್ ಪಕ್ಕದಲ್ಲಿ ನಿಂತು, "ನನ್ನ ಕೊರಳಾಗ ಏನೈತಿ ನೋಡ್ರಿ, ಯಾರೂ ಕೆಡಿಸಿಲ್ಲ" ಅಂದವಳು ನಾನೇ. ಆಗ ನನಗೆ ಹೆದರಿಕೆ ಆಗಿರಲಿಲ್ಲ.

"ಸುನಂದಾ ಟೀಚರ್," ಅಂದರು ಸಿಸ್ಟರ್. "ನಾವು ಫೋನು ಮಾಡಿದರೆ, ಚೀಟಿ ಬರೆಸಿ ನಮ್ಮ ಮನೆಯ ಗುಟ್ಟು ತೆಗೆದರು ಅಂತ ಹೇಳುತ್ತಾರೆ. ಅದು ಸುಳ್ಳು ಸಹ ಅಲ್ಲ ನೋಡಿ. ಉಳಿದ ಮಕ್ಕಳನ್ನೂ ಬಿಡಿಸುತ್ತಾರೆ. ಆ ಹೆಣ್ಣುಮಕ್ಕಳು ಮತ್ತೆ ಎಲ್ಲಿಗೆ ಹೋಗುವುದು? ನನಗೆ ಮಂಗಳವಾರದ ತನಕ ಸಮಯ ಕೊಡಿ. ಮದರ್ ಸುಪೀರಿಯರ್ ಹತ್ತಿರ ಕೇಳುತ್ತೇನೆ. ಮೂರು ವಾರ ಇದೆ, ಆಯ್ತಾ?"

ಅವರನ್ನು ದೂರುವುದಿಲ್ಲ. ಪೆಟ್ಟಿಗೆಯನ್ನು ತಾವೇ ಎತ್ತಿ ತಂದು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೊನ್ನೆ ಶುಕ್ರವಾರ ಚೀಟಿ ಓದಲಿಲ್ಲ. ಸಣ್ಣ ಮಕ್ಕಳು ಗವಿಯ ಸುತ್ತ ಪೆಟ್ಟಿಗೆ ಹುಡುಕುತ್ತಿದ್ದರು. ದೊಡ್ಡ ಹುಡುಗಿಯರು ಹುಡುಕಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅವರಿಗೆಲ್ಲ ಗೊತ್ತು.

ಈಗ ನನ್ನ ಹೆದರಿಕೆಯ ಮಾತು. ನಾನೂ ಅದೇ ವ್ಯಾನಿನಲ್ಲಿ ಶಾಲೆಗೆ ಹೋಗುವವಳು. ಹನಮಂತಪ್ಪ ಮೊದಲೆಲ್ಲ ಮನೆಯ ಮುಂದೆ ಎರಡು ಸಲ ಹಾರ್ನ್ ಹೊಡೆದು, "ಟೀಚರ್ರ, ಲಗೂನ ಬರ್ರಿ, ಪಾಠ ನಿಂತಾವು" ಅಂತ ಚೇಷ್ಟೆ ಮಾಡುತ್ತಿದ್ದ. ಈಗ ಹಾರ್ನ್ ಹೊಡೆಯುವುದಿಲ್ಲ. ಗಾಡಿ ನಿಲ್ಲಿಸಿ ಸುಮ್ಮನೆ ಕಾಯುತ್ತಾನೆ. ಎಷ್ಟು ಹೊತ್ತಿನಿಂದ ನಿಂತಿದ್ದಾನೋ ತಿಳಿಯದೆ ನಾನು ಆರೂವರೆಯಿಂದಲೇ ಕಿಟಕಿಯ ಬಳಿ ಹೋಗಿ ಹೋಗಿ ಬರುತ್ತೇನೆ. ಹತ್ತಿದರೆ "ನಮಸ್ಕಾರ್ರಿ" ಅನ್ನುತ್ತಾನೆ. ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತದೆ. ಒಂದು ಕೆಟ್ಟ ಮಾತಾಡಿಲ್ಲ ಅವನು. ಒಂದು ಮಾತಾಡಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೋ ಏನೋ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅಂಗೈಯಲ್ಲಿ ಲಿಂಗ ನಿಲ್ಲುವುದಿಲ್ಲ. ನಮ್ಮ ಯಜಮಾನರು ನೋಡಿ, "ನಿನಗ್ಯಾಕ ಬೇಕಿತ್ತು ಮಂದಿ ಮನಿ ಉಸಾಬರಿ? ಪಾಠ ಹೇಳಿ ಬರೂದಷ್ಟ ನಿನ್ನ ಕೆಲಸ" ಅಂದರು. ಇದು ಪಾಠವಲ್ಲದಿದ್ದರೆ ಯಾವುದು ಪಾಠ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ನಾಳೆ ಕನಕ ಜಯಂತಿ, ಸೂಟಿ. ಮಂಗಳವಾರ ಸಿಸ್ಟರ್ ಏನೇ ಹೇಳಲಿ, ನಾನು ಫೋನು ಮಾಡುತ್ತೇನೆ. ನಿನ್ನಿಂದ ಒಂದು ಕೆಲಸ ಆಗಬೇಕು. ಕುಳಗೇರಿ ಕ್ರಾಸ್ ನಿನಗೆ ಹತ್ತಿರ. ಟೈರಿನ ಅಂಗಡಿಯವರ ಮನೆ ಎಂಥದು, ಹುಡುಗನಿಗೆ ವಯಸ್ಸೆಷ್ಟು, ಲಗ್ನ ಎಲ್ಲಿ ಇಟ್ಟುಕೊಂಡಿದ್ದಾರೆ, ಯಾವುದಾದರೂ ನೆಪದಲ್ಲಿ ತಿಳಿದುಕೊಂಡು ಬರೆ. ನಿನ್ನ ಹೆಸರು ಎಲ್ಲಿಯೂ ಬರದ ಹಾಗೆ ನೋಡಿಕೊ. ನೋಡು, ನಿನಗೂ ಹೆದರಿಕೆ ಕಲಿಸುತ್ತಿದ್ದೇನೆ.

ಅರ್ಜುವಿಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಬೇಕಾದಷ್ಟು ಓದಲಿ, ಸಾಕು ಅನ್ನುವುದನ್ನು ಅವಳೇ ಹೇಳುವಷ್ಟು ದೊಡ್ಡವಳಾಗಲಿ. ಅಮ್ಮೀಜಾನಿಗೆ ಸಲಾಂ ಹೇಳು. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಸುನಂದಾ

ತಾ.ಕ.: ಮೇಲೆ ನಿನಗೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಹೊಸದಾಗಿ ಬರೆಯಬಹುದಿತ್ತು. ಬೇಡ, ನಿನಗೂ ನಾನು ಸುಳ್ಳು ಹೇಳಬಲ್ಲೆ ಅನ್ನುವುದು ನಿನಗೆ ಗೊತ್ತಿರಲಿ.

ಯಾರ ಚೀಟಿ ಅಂತ ನನಗೆ ಗೊತ್ತಿತ್ತು. ಓದುವ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಬಿಚ್ಚಿದ ಕೂಡಲೇ ಗೊತ್ತಾಯಿತು. ಮೂರು ವರ್ಷ ಆ ಅಕ್ಷರ ತಿದ್ದಿದ್ದೇನೆ. ಸಾಲು ಮುಗಿಯುವ ಹೊತ್ತಿಗೆ ಮೇಲಕ್ಕೆ ಏರುವ ಬರಹ ನಮ್ಮ ಶಾಲೆಯಲ್ಲಿ ಅವಳೊಬ್ಬಳದೇ. ಅವತ್ತೇ ಸಹಾಯವಾಣಿಗೆ ಫೋನು ಮಾಡಿದೆ. ಎತ್ತಿದ ಹುಡುಗಿ ಬಹಳ ಮೆತ್ತಗೆ, "ನಿಮ್ಮ ಹೆಸರು ಹೇಳದಿದ್ರೂ ನಡೀತದ ಮೇಡಂ, ಹುಡುಗೀದು ಹೆಸರು, ಊರು ಹೇಳ್ರಿ ಸಾಕು" ಅಂದಳು. ನಾನು ಫೋನು ಇಟ್ಟುಬಿಟ್ಟೆ. ಹೆಸರು ಹೇಳದಿದ್ದರೂ ಗುಡೂರಿನವರಿಗೆ ನನ್ನ ಹೆಸರೇ ಹೊಳೆಯುತ್ತದೆ ಅನ್ನಿಸಿತು. ಮರುದಿನ ಚೀಟಿಯನ್ನು ಎಲ್ಲರ ಮುಂದೆ ಓದಿದೆ. ಸಿಸ್ಟರ್ ಕೇಳಲಿ, ಅವರು ಮಾಡಲಿ, ಹನ್ನೆರಡು ಮಂದಿ ಟೀಚರ್ ಇದ್ದಾರೆ, ಯಾರಾದರೂ ಮಾಡಲಿ, ನನ್ನ ತಲೆಯ ಮೇಲಿಂದ ಇಳಿಯಲಿ ಅಂತ ಓದಿದೆ. ಚಹದ ಸಾಲು ಚೆಲುವಾಗಿತ್ತು ಅನ್ನುವುದು ಆಮೇಲೆ ನಾನು ಕಂಡುಕೊಂಡ ನೆಪ. ಗೇಟಿನ ಬಳಿ ಅವಳ ಕಾಕಾ ನಿಲ್ಲುತ್ತಾನೆ ಅನ್ನುವುದು ಹತ್ತೊಂಬತ್ತು ವರ್ಷದಿಂದ ಗೊತ್ತಿದ್ದವಳಿಗೆ ಆ ಗಳಿಗೆ ಮರೆತಿತ್ತು. ಮರೆತಿತ್ತು ಅಂತ ಹೇಳಿಕೊಳ್ಳುತ್ತೇನೆ.

ಮಂಗಳವಾರದ ತನಕ ಕಾಯುವುದಿಲ್ಲ ಬಾನು. ಮೊಬೈಲು ಈ ಹಾಳೆಯ ಪಕ್ಕದಲ್ಲೇ ಇದೆ. ಈಗಲೇ ಮಾಡುತ್ತೇನೆ. ಯಾರೋ ಬಾಗಿಲು ಬಡಿಯುತ್ತಿದ್ದಾರೆ, ನೋಡಿ ಬಂದು ಮಾಡುತ್ತೇನೆ.

ನೋಡಿ ಬಂದೆ. ಪಕ್ಕದ ಮನೆಯ ಶಿವಲಿಂಗವ್ವ ಬಂದಿದ್ದರು. ಅವರ ಸೊಸೆಯ ತವರು ಗುಡೂರು. ಹೊಸ ಇಳಕಲ್ಲ ಸೀರೆ ಉಟ್ಟಿದ್ದರು, ಕೈಯಲ್ಲಿ ಸ್ಟೀಲಿನ ಡಬ್ಬಿ. "ಒಳಗ ಬರ್ರಿ ಯವ್ವಾ" ಅಂದೆ. ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಡಬ್ಬಿಯನ್ನು ನನ್ನ ಕೈಗಿಟ್ಟು ಅಂದರು:

"ಒಲ್ಲೆ ಅಕ್ಕೋರ, ನಸಿಕಿನ್ಯಾಗ ಎದ್ದು ಹೋಗಿ ಸಾಕಾಗೈತಿ. ಲಗ್ನದ ಸಿಹಿ, ಮಾದಲಿ ಐತಿ, ತಗೋರಿ. ಗುಡೂರಾಗ ಇವತ್ತ ಮುಂಜಾನೆ ಐದಕ್ಕ ಅಕ್ಕಿಕಾಳು ಬಿದ್ದುವು, ನಿಮ್ಮ ಸಾಲಿ ಮಾದೇವೀಗೆ. ಮುಂದಿನ ತಿಂಗಳಾ ಇತ್ತು, ಲಗೂ ಮಾಡಿ ಮುಗಿಸಿದ್ರು. ನಿಮ್ಮ ಪಾಲಿಂದು ಅಂತ ಹನಮಂತಪ್ಪ ತಾನಽ ಡಬ್ಬಿ ತುಂಬಿ ಕೊಟ್ಟ. 'ಟೀಚರ್ರಿಗೆ ತಪ್ಪದ ಮುಟ್ಟಸು, ಭಾಳ ಉಪಕಾರ ಆತಂತ ಹೇಳು. ಅವರು ಅವತ್ತ ಓದದಿದ್ರ ಹುಡುಗಿ ಮನಸ್ಸಿನ್ಯಾಗ ಏನೈತಂತ ನಮಗ ಹೆಂಗ ತಿಳೀತಿತ್ತು?' ಅಂದ."