ಬಯಲಿಗೆ ಹೋದ ಮಕ್ಕಳು ಮಾಡುತ್ತಿದ್ದ ಕೆಲಸ

ತಾಲ್ಲೂಕಿನ ಸ್ವಚ್ಛತಾ ಆಂದೋಲನದ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರ ಶಾಲೆಯ ಇಪ್ಪತ್ತಾರು ಮಕ್ಕಳು ಪ್ರತಿ ಶನಿವಾರ ಬೆಳಿಗ್ಗೆ ಬಯಲಿಗೆ ಹೋಗುತ್ತಿದ್ದದ್ದು ಚಿತ್ರ ಬರೆಯುವುದಕ್ಕೆ. ತಾವು ತಿಳಿದುಕೊಂಡ ಕೆಲಸಕ್ಕಲ್ಲ. ಈ ಎರಡು ವಾಕ್ಯಗಳನ್ನು ತಮ್ಮ ಕಚೇರಿಗೆ ಮನದಟ್ಟು ಮಾಡಿಸುವುದರಲ್ಲಿ ಐದು ತಿಂಗಳು, ಏಳು ಪತ್ರ ಮತ್ತು ತಮ್ಮ ಜೀಪಿನ ಒಂದು ಸವಾರಿ ಮುಗಿದಿವೆ. ಬಯಲಿನಲ್ಲಿ ನಡೆಯುತ್ತಿದ್ದ ಮಕ್ಕಳ ಶನಿವಾರದ ಚಿತ್ರದ ತರಗತಿಯೂ ಅದರ ಜೊತೆಗೇ ಮುಗಿದಿದೆ. ಆದ್ದರಿಂದ ಎಂಟನೆಯ ಪತ್ರವನ್ನು ತಮ್ಮ ಟಪಾಲಿಗೆ ಹಾಕದೆ, ಅರಸೀಕೆರೆಯಲ್ಲಿ ಅಚ್ಚಾಗುವ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಊರವರೆಲ್ಲ ಓದಿದರೆ ಯಾರಾದರೊಬ್ಬರು ತಮಗೆ ಅರ್ಥ ಹೇಳಿಯಾರು ಎಂಬ ಆಸೆ.

ಮೊದಲಿಗೇ ಹೇಳಿಬಿಡುತ್ತೇನೆ, ತಮ್ಮ ಆಂದೋಲನದ ಮೇಲೆ ನನಗೆ ಮುನಿಸಿಲ್ಲ. ತಮ್ಮ ಯೋಜನೆಯಲ್ಲೇ ನಮ್ಮ ಮನೆಗೂ ಕಕ್ಕಸು ಕಟ್ಟಿಸಿದ್ದೇನೆ. ಅದಕ್ಕೆ ಬಾಗಿಲೂ ಇದೆ, ಚಿಲಕವೂ ಇದೆ. ತಮ್ಮವರು ಬಂದು ಅದರ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ಹಿಡಿದುಕೊಂಡು ಹೋಗಿದ್ದಾರೆ. ನನ್ನ ಮದುವೆಯಲ್ಲೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ವಿಷಯ ಶುರುವಾದದ್ದು ಮಾಲಿನಿ ಮೇಡಮ್ಮು ನಮ್ಮ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದಾಗ. ಹಳೇಬೀಡಿಗೂ ಅರಸೀಕೆರೆಗೂ ನಡುವೆ, ಬಸ್ಸು ನಿಲ್ಲುವ ಆದರೆ ಬೋರ್ಡಿಲ್ಲದ ಊರು ನಮ್ಮದು. ಬಂದ ಮೊದಲ ದಿನ ಅವರು ಮಕ್ಕಳಿಗೆ ನಿಮ್ಮೂರಿನ ಚಿತ್ರ ಬರೆಯಿರಿ ಅಂದರಂತೆ. ಇಪ್ಪತ್ತಾರು ಮಕ್ಕಳೂ ಎರಡು ಮುಕ್ಕೋನದ ಗುಡ್ಡ ಬರೆದು, ನಡುವೆ ಸೂರ್ಯನನ್ನು ಕೂರಿಸಿ, ಕೆಳಗೊಂದು ನದಿ ಹರಿಸಿದರು. ನಮ್ಮೂರಿಗೆ ಗುಡ್ಡವಿಲ್ಲ. ನದಿಯಂತೂ ಇಲ್ಲವೇ ಇಲ್ಲ. ಕಣ್ಣಿಗೆ ಸಿಗುವ ದೊಡ್ಡ ಬೆಟ್ಟವೆಂದರೆ ದೂರದ ಮಾಲೇಕಲ್ಲು, ಅದು ಯಾವ ಕಡೆಯಿಂದ ನೋಡಿದರೂ ಮುಕ್ಕೋನವಲ್ಲ. ಮೇಡಮ್ಮು ಬಯ್ಯಲಿಲ್ಲ. ಮಾರನೆಯ ಶನಿವಾರ ಮಕ್ಕಳನ್ನು ಕೆರೆ ಏರಿಯ ಕೆಳಗಿನ ಬಯಲಿಗೆ ಕರೆದುಕೊಂಡು ಹೋಗಿ, ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬರೆಯಬೇಡಿ ಅಂದರು. ಅಷ್ಟೇ ಪಾಠ.

ಆ ಪಾಠ ನಮ್ಮ ಮನೆಗೂ ಬಂತು. ನನ್ನ ಮೊಮ್ಮಗಳು ಗಾನವಿ ನಾಲ್ಕನೇ ಕ್ಲಾಸು. ಕೇಳಿದ್ದಕ್ಕೆ ಹ್ಞೂಂ, ಊಹ್ಞೂಂ ಬಿಟ್ಟರೆ ಮೂರನೆಯ ಮಾತಾಡದ ಹುಡುಗಿ. ಆ ಶನಿವಾರ ಮನೆಗೆ ಬಂದವಳೇ ನನ್ನ ಹತ್ತಿರ ನಿಂತು, “ತಾತ, ಎಮ್ಮೆ ಕಪ್ಪಲ್ಲ ಕಣ್ ತಾತ. ಬಿಸ್ಲಾಗೆ ಬೆನ್ನ ಮ್ಯಾಲೆ ನೀಲಿ ಐತೆ” ಅಂದಳು. ನಾನು ಐವತ್ತು ವರ್ಷದಿಂದ ಎಮ್ಮೆ ಸಾಕಿದವನು. ನಕ್ಕುಬಿಟ್ಟೆ. ಆಮೇಲೆ ಯಾರೂ ಇಲ್ಲದಾಗ ಕೊಟ್ಟಿಗೆ ಹಿಂದಕ್ಕೆ ಹೋಗಿ, ನೀರಿಂದ ಎದ್ದು ಬಂದು ನಿಂತಿದ್ದ ಎಮ್ಮೆಯನ್ನು ನೋಡಿದೆ. ನೀಲಿ ಇತ್ತು ಸ್ವಾಮಿ. ಐವತ್ತು ವರ್ಷ ನನ್ನ ಕಣ್ಣು ಏನು ಮಾಡುತ್ತಿತ್ತೋ ಗೊತ್ತಿಲ್ಲ.

ಅನುಮತಿಯಿಲ್ಲದೆ ಮಕ್ಕಳನ್ನು ಹೊರಗೆ ಒಯ್ಯುವುದು ಸರಿಯಲ್ಲ ಎಂದು ಹೆಡ್‌ಮಾಸ್ಟರು ಭೀಮರಾಜ್ ಅವರು ಶಿಕ್ಷಣ ಇಲಾಖೆಗೆ ಅರ್ಜಿ ಬರೆದರು. ಮಾಲಿನಿ ಮೇಡಮ್ಮಿನ ಕರಡಿನಲ್ಲಿ ‘ಚಿತ್ರ’ ಎಂಬ ಪದ ಒಂಬತ್ತು ಸಲ ಇತ್ತು. ಭೀಮರಾಜ್ ಅವರು ಅಚ್ಚುಕಟ್ಟಿನ ಮನುಷ್ಯರು, ಸರ್ಕಾರಿ ಭಾಷೆಯಲ್ಲಿ ಪಳಗಿದವರು. ಒಂದೇ ಪದ ಮತ್ತೆ ಮತ್ತೆ ಬಂದರೆ ಓದುವವರಿಗೆ ಬೇಸರವೆಂದು ಒಂಬತ್ತನ್ನೂ ತೆಗೆದು ‘ಸದರಿ ಚಟುವಟಿಕೆ’ ಎಂದು ಹಾಕಿದರು. ಡ್ರಾಯಿಂಗ್ ಟೀಚರ ಸಹಿ ಕೆಳಗಿರುವಾಗ ಚಟುವಟಿಕೆ ಯಾವುದೆಂದು ಬೇರೆ ಹೇಳಬೇಕೇ ಎಂಬುದು ಅವರ ವಾದ. ಅರ್ಜಿ ಹೀಗೆ ಹೊರಟಿತು: “ಪ್ರತಿ ಶನಿವಾರ ಬೆಳಿಗ್ಗೆ ಮಕ್ಕಳನ್ನು ಬಯಲಿಗೆ ಕರೆದೊಯ್ಯಲು ಅನುಮತಿ ಕೋರಿದೆ. ಮಕ್ಕಳು ನಾಲ್ಕು ಗೋಡೆಗಳ ನಡುವೆ ಕುಳಿತು ಸದರಿ ಚಟುವಟಿಕೆ ನಡೆಸುವುದಕ್ಕಿಂತ, ಬಯಲಿನಲ್ಲಿ ಕುಳಿತು ನಿಸರ್ಗದ ಪ್ರೇರಣೆಯಂತೆ ಸ್ವತಂತ್ರವಾಗಿ ನಡೆಸಿದಲ್ಲಿ ಉತ್ತಮ ಫಲಿತಾಂಶ ಬರುವುದು ಅನುಭವದಿಂದ ಕಂಡುಬಂದಿದೆ.”

ಇಲಾಖೆಯಲ್ಲಿ ಇದನ್ನು ಓದಿದ ಪುಣ್ಯಾತ್ಮರು ಯಾರೋ ತಿಳಿಯದು. ಓದಿದವರು ನೇರವಾಗಿ ತಮ್ಮ ಕಚೇರಿಗೆ ಕಳುಹಿಸಿದರು. ತಮ್ಮಿಂದ ಬಂದ ಉತ್ತರ ನನ್ನ ಹತ್ತಿರ ಇದೆ, ಏಕೆಂದರೆ ನಾನು ಶಾಲೆಯ ಎಸ್‌ಡಿಎಂಸಿ ಸದಸ್ಯ. ಶಾಲೆಗೆ ಸುಸಜ್ಜಿತ ಶೌಚಾಲಯ ಒದಗಿಸಿದ್ದರೂ ಹೀಗೆ ಕೋರುತ್ತಿರುವುದು ವಿಷಾದನೀಯ ಎಂದಿರಿ, ಸರಿ. ಆದರೆ ಮುಂದಿನ ಪ್ರಶ್ನೆಗಳಿವೆಯಲ್ಲ, ಅವನ್ನು ಬರೆದ ಕೈಗೆ ನಾನು ಬೆಳ್ಳಿ ಕಡಗ ತೊಡಿಸಬೇಕು. ಶನಿವಾರವೇ ಏಕೆ? ವಾರದ ಉಳಿದ ದಿನಗಳಲ್ಲಿ ಮಕ್ಕಳು ಹೇಗೆ ನಿರ್ವಹಿಸುತ್ತಾರೆ? ಇಪ್ಪತ್ತಾರು ಮಕ್ಕಳಿಗೆ ಏಕಕಾಲದಲ್ಲಿ ನಿಸರ್ಗದ ಪ್ರೇರಣೆಯಾಗುವುದು ಹೇಗೆ?

ಭೀಮರಾಜ್ ಅವರು ಗಾಬರಿಯಾಗಿ ವಿವರಣೆ ಬರೆದರು. ಗಾಬರಿಯಲ್ಲೂ ‘ಸದರಿ’ ಬಿಡಲಿಲ್ಲ. ಸದರಿ ಚಟುವಟಿಕೆಗೆ ಪ್ರತಿ ಮಗುವಿಗೂ ಒಂದು ಗಂಟೆ ಹಿಡಿಯುತ್ತದೆ, ಕಾಗದವನ್ನು ಶಾಲೆಯಿಂದಲೇ ಕೊಡುತ್ತೇವೆ, ನೀರನ್ನು ಮಕ್ಕಳು ಡಬ್ಬದಲ್ಲಿ ತಾವೇ ಒಯ್ಯುತ್ತಾರೆ, ಟೀಚರೂ ಜೊತೆಗೆ ಕುಳಿತು ಮಾಡಿ ತೋರಿಸುತ್ತಾರೆ, ಚೆನ್ನಾಗಿ ಬಂದವನ್ನು ಆಯ್ದು ಹಾಸನಕ್ಕೆ ಕಳುಹಿಸುವ ಯೋಚನೆಯಿದೆ ಎಂದು ಬರೆದರು. ಆ ಪತ್ರವನ್ನು ಓದಿದ ದಿನ ತಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟ ಯಾರಿಗೂ ಸೇರಲಿಲ್ಲವಂತೆ.

ಆಮೇಲಿನ ಶನಿವಾರವೇ ತಮ್ಮ ಮೇಲ್ವಿಚಾರಕರು ಜೀಪಿನಲ್ಲಿ ಬಂದರು. ಅವರ ತಪ್ಪೂ ಅಲ್ಲ ಬಿಡಿ. ಬೆಳಿಗ್ಗೆ ಎಂಟು ಗಂಟೆಗೆ ಇಪ್ಪತ್ತಾರು ಮಕ್ಕಳು ಕೈಯಲ್ಲಿ ಒಂದೊಂದು ನೀರಿನ ಡಬ್ಬ ಹಿಡಿದು ಕೆರೆ ಏರಿ ಇಳಿಯುವುದನ್ನು ಕಂಡರೆ ಯಾರಿಗಾದರೂ ಏನು ಹೊಳೆಯುತ್ತದೆ? ಅದು ಬಣ್ಣ ಕಲಸುವ ನೀರು ಎಂದು ಡಬ್ಬದ ಮೇಲೆ ಬರೆದಿರಲಿಲ್ಲ. ಮೇಲ್ವಿಚಾರಕರು ಜೀಪು ಇಳಿದು ಸೀಟಿ ಊದಿದರು. ಅಷ್ಟರಲ್ಲಿ ಮಕ್ಕಳು ಒಬ್ಬೊಬ್ಬರು ಒಂದೊಂದು ಲಂಟಾನ ಪೊದೆಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು. ಮೇಲ್ವಿಚಾರಕರು ಹೋಗಿ ಸಂತೋಷ ಎಂಬ ಹುಡುಗನ ಬೆನ್ನ ಹಿಂದೆ ನಿಂತರು. ಮಾತುಕತೆಯನ್ನು ಹತ್ತಿರದಲ್ಲೇ ಎಮ್ಮೆ ಮೇಯಿಸುತ್ತಿದ್ದ ಬಸಮ್ಮ ಕೇಳಿಸಿಕೊಂಡು ನನಗೆ ಹೇಳಿದ್ದಾಳೆ.

“ಏಳೋ ಮೇಲೆ.”

“ಇನ್ನೂ ಆಗಿಲ್ಲ ಸಾರ್. ಈಗ್ತಾನೆ ಶುರು ಮಾಡಿವ್ನಿ.”

“ಇಲ್ಲಿ ಕೂತ್ಕೊ ಅಂತ ಯಾರೋ ಹೇಳಿದ್ದು?”

“ಮಿಸ್ಸು ಸಾರ್. ಒಬ್ಬೊಬ್ರು ಒಂದೊಂದು ಪೊದೆ ನೋಡ್ಕಳಿ ಅಂದ್ರು.”

“ಮಿಸ್ಸು ಎಲ್ಲಿ?”

“ಆ ಬಂಡೆ ಹಿಂದ್ಗಡೆ ಅವ್ರೂ ಕುಂತವ್ರೆ ಸಾರ್.”

ಮೇಲ್ವಿಚಾರಕರು ಬಂಡೆಯ ಕಡೆಗೆ ಎರಡು ಹೆಜ್ಜೆ ಇಟ್ಟು, ನಾಚಿ, ಮೂರು ಹೆಜ್ಜೆ ಹಿಂದೆ ಬಂದರಂತೆ. ಬಸಮ್ಮನಿಗೆ ತಡೆಯಲಾಗಲಿಲ್ಲ. “ಯಾಕ್ ಬುದ್ಧಿ, ಕುಂತವ್ರನ್ನ ಎಬ್ಬುಸ್ತೀರಿ? ಬರಿಯೋದ್ ಬರ್ಕಳ್ಳಿ ಬುಡಿ, ಪಾಪ” ಅಂದಳು. ಆಗ ಅವರು ಬಗ್ಗಿ ನೋಡಿದರು. ಸಂತೋಷನ ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ, ಕಾಗದದಲ್ಲಿ ಲಂಟಾನ ಹೂವು. ಒಂದೇ ಗೊಂಚಲಲ್ಲಿ ಹಳದಿಯೂ ಇತ್ತು, ಕೆಂಪೂ ಇತ್ತು. ಅವರು ಇಪ್ಪತ್ತಾರು ಚಿತ್ರಗಳನ್ನೂ ನೋಡಿ, ಚೆನ್ನಾಗಿದೆ ಎಂದು ಹೇಳಿ, ಮೇಡಮ್ಮು ಕೊಟ್ಟ ಟೀ ಕುಡಿದು ಹೋದರು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತಲ್ಲವೇ? ನಮ್ಮಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನೂ ಸತ್ಯ ತಿಳಿದ ಮೇಲೆ ಸುಮ್ಮನಾಗುತ್ತಿದ್ದ. ಆದರೆ ರಾಕ್ಷಸನ ಹತ್ತಿರ ಕಡತ ಇರಲಿಲ್ಲ. ಹದಿನೈದು ದಿನಕ್ಕೆ ತಮ್ಮ ಆದೇಶ ಬಂತು. ಮಕ್ಕಳು ಚಿತ್ರ ಬರೆಯುತ್ತಿದ್ದುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ, ಆದಾಗ್ಯೂ ಸದರಿ ಗ್ರಾಮವು ಸ್ವಚ್ಛ ಗ್ರಾಮ ಪ್ರಶಸ್ತಿಯ ಪಟ್ಟಿಯಲ್ಲಿರುವುದರಿಂದ, ಪರಿಶೀಲನಾ ಸಮಿತಿಯವರು ದೂರದಿಂದ ನೋಡಿ ತಪ್ಪು ತಿಳಿಯುವ ಸಂಭವವಿರುವುದರಿಂದ, ಸಮಿತಿ ಬಂದು ಹೋಗುವ ತನಕ ಯಾವ ಮಗುವೂ ಯಾವ ಉದ್ದೇಶಕ್ಕೂ ಬಯಲಿನಲ್ಲಿ ಕೂರತಕ್ಕದ್ದಲ್ಲ. ಸಮಿತಿ ಯಾವಾಗ ಬರುತ್ತದೆ ಎಂದು ಕೇಳಿದೆವು. ಅನಿರೀಕ್ಷಿತವಾಗಿ ಬರುತ್ತದೆ ಎಂದಿರಿ. ಮೂರು ತಿಂಗಳಿಂದ ನಾವು ದಿನವೂ ಅನಿರೀಕ್ಷಿತವನ್ನು ನಿರೀಕ್ಷಿಸುತ್ತಿದ್ದೇವೆ.

‘ಬಯಲು’ ಎಂಬ ಪದದ್ದೇ ತೊಡಕು ಎಂದು ಭೀಮರಾಜ್ ಅವರು ಬೇರೆ ಪದ ಹುಡುಕಿದರು, ಪಾಪ. ನಾವಿಬ್ಬರೂ ಶಾಲೆಯ ಜಗಲಿಯಲ್ಲಿ ಕೂತು ಒಂದು ಮಧ್ಯಾಹ್ನವೆಲ್ಲ ಹುಡುಕಿದೆವು. ‘ಹೊಲದ ಕಡೆ’ ಎಂದು ಬರೆಯೋಣವೆಂದರೆ ಅದಕ್ಕೂ ಅದೇ ಅರ್ಥ. ‘ಕೆರೆ ಕಡೆ’ ಎಂದರೂ ಅದೇ. ‘ಹೊರಕಡೆ’ ಎಂದರಂತೂ ಕೇಳುವುದೇ ಬೇಡ. ಮಾನ ಮುಚ್ಚಿಕೊಂಡು ಮಾತಾಡುವ ನಮ್ಮ ಹಿರಿಯರು ಆಕಾಶದ ಕೆಳಗಿನ ಜಾಗಗಳಿಗೆಲ್ಲ ಅದೊಂದೇ ಕೆಲಸ ಗಂಟು ಹಾಕಿ ಹೋಗಿದ್ದಾರೆ. ನಮ್ಮ ಮಕ್ಕಳು ಅದಕ್ಕೆ ಎರಡನೆಯ ಕೆಲಸ ಹಚ್ಚಲು ಹೊರಟಿದ್ದರು. ಕಕ್ಕಸು ಕಟ್ಟಿಸಿದ ಮೇಲೆ ಖಾಲಿ ಬಿದ್ದ ಬಯಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ತಮ್ಮ ಇಲಾಖೆಗೆ ಹೊಳೆಯುತ್ತಿತ್ತೇ? ಯೋಚಿಸಿ ನೋಡಿದರೆ ನಮ್ಮ ಡ್ರಾಯಿಂಗ್ ಮೇಡಮ್ಮು ತಮ್ಮ ಆಂದೋಲನದ ಕೊನೆಯ ಅಧ್ಯಾಯವನ್ನೇ ಬರೆಯುತ್ತಿದ್ದರು. ತಾವು ಅವರಿಗೆ ಶಾಲು ಹೊದಿಸಬೇಕಿತ್ತು, ನೋಟಿಸು ಹೊದಿಸಿದಿರಿ.

ಆದೇಶ ಬರುವ ಮುಂಚೆ ಒಂದು ಸಲ ಮೇಡಮ್ಮು ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದರು, ನಾನೂ ಜೊತೆಗಿದ್ದೆ. ಗುಡಿಗೆ ಹೋಗುವ ಮುಂಚೆ ಕೆರೆಯ ದಂಡೆಯಲ್ಲಿ ಕೂರಿಸಿ ಬಾತುಕೋಳಿ, ದನ, ಬಳ್ಳಿ ಬರೆಸಿದರು. ಆಮೇಲೆ ಗುಡಿಯ ಗೋಡೆ ತೋರಿಸಿದರು. ಕೆಳಸಾಲಿನ ಆನೆಗಳ ಮುಂದೆ ಮಕ್ಕಳು ನಿಂತೇಬಿಟ್ಟವು. ಒಂದರ ಸೊಂಡಿಲಿನಂತೆ ಇನ್ನೊಂದರದ್ದಿಲ್ಲ ಎಂದು ಕಂಡುಹಿಡಿದವು. ಆ ಕಲ್ಲುಕುಟಿಗರು ಆನೆಯನ್ನು ಎಲ್ಲಿ ಕೂತು ನೋಡಿದ್ದರು ಸ್ವಾಮಿ? ಯಾವ ಸಮಿತಿ ಬಂದು ಹೋಗುವ ತನಕ ಅವರು ಕೋಣೆಯೊಳಗೆ ಕಾದಿದ್ದರು? ಕಾದಿದ್ದರೆ ಇವತ್ತು ಹಳೇಬೀಡಿನ ಗೋಡೆಯ ತುಂಬ ಎರಡು ಮುಕ್ಕೋನ, ನಡುವೆ ಒಂದು ಸೂರ್ಯ ಇರುತ್ತಿತ್ತು.

ಅಂದ ಹಾಗೆ, ಮಕ್ಕಳಿಗೆ ನಿಸರ್ಗದ ಕೊರತೆಯಾಗಬಾರದೆಂದು ತಾವೇ ಒಂದು ಪರಿಹಾರ ಮಾಡಿದ್ದೀರಿ. ಶಾಲೆಯ ಶೌಚಾಲಯದ ಹೊರಗೋಡೆಗೆ ಪೇಂಟರನ್ನು ಕಳುಹಿಸಿ ನಿಸರ್ಗದ ದೃಶ್ಯ ಬರೆಸಿದಿರಿ. ಶನಿವಾರದ ತರಗತಿ ಅದರ ಮುಂದೆಯೇ ನಡೆಯತಕ್ಕದ್ದು ಎಂದಿರಿ. ಆ ಗೋಡೆಯ ಮೇಲೆ ಏನಿದೆ ಎಂದು ಬಾಯಿ ಬಿಟ್ಟು ಹೇಳಬೇಕೇ? ಗುಡ್ಡ ಎರಡು. ಸೂರ್ಯ ಒಂದು. ನದಿಯೂ ಇದೆ, ಅದರ ದಂಡೆಗೊಂದು ಎಮ್ಮೆಯೂ ಇದೆ. ಇಪ್ಪತ್ತಾರು ಮಕ್ಕಳು ಕಕ್ಕಸಿನ ಕಡೆ ಮುಖ ಮಾಡಿ ಸಾಲಾಗಿ ಕೂತು ಅದನ್ನು ನಕಲು ಮಾಡುತ್ತವೆ. ದೂರದಿಂದ ನೋಡಿದವರು ಇದನ್ನು ಏನೆಂದು ತಿಳಿಯುತ್ತಾರೋ, ಆ ಚಿಂತೆ ಮಾತ್ರ ಯಾವ ಕಡತದಲ್ಲೂ ಇಲ್ಲ.

ಕಳೆದ ತಿಂಗಳು ಗಾನವಿ ಒಂದು ಚಿತ್ರ ತಂದು ತೋರಿಸಿದಳು. ಗುಡ್ಡದ ಗೆರೆಗಳನ್ನು ಸ್ಕೇಲಿಟ್ಟು ಎಳೆದಿದ್ದಳು. ಎಮ್ಮೆಗೆ ಕಪ್ಪು ಬಳಿದಿದ್ದಳು. ಇದು ಎಲ್ಲಿ ಕಂಡಿತವ್ವ ನಿನಗೆ ಅಂದೆ. “ಗ್ವಾಡೆ ಮ್ಯಾಲೆ ಹಿಂಗೇ ಐತಲ್ಲ ತಾತ. ಎಡ್ಮಾಸ್ಟ್ರು ಹತ್ತಕ್ಕೆ ಹತ್ತು ಕೊಟ್ಟವ್ರೆ” ಅಂದಳು. ಆಮೇಲೆ ಹ್ಞೂಂ, ಊಹ್ಞೂಂ. ಅಷ್ಟೇ. ಮಾನ್ಯರೇ, ನಾನು ನಗಾಡುತ್ತಾ ಬರೆಯುತ್ತಿರುವ ಈ ಪತ್ರದಲ್ಲಿ ನಗು ಬಾರದ ಜಾಗ ಇದೊಂದೇ. ಪ್ರಶಸ್ತಿ ಬಾರದಿದ್ದರೆ ಮುಂದಿನ ವರ್ಷ ಬರುತ್ತದೆ. ಮಗುವಿನ ಕಣ್ಣು ಮುಚ್ಚಿಕೊಂಡರೆ ಅದನ್ನು ತೆರೆಸಲು ಯಾವ ಯೋಜನೆಯಲ್ಲಿ ಅರ್ಜಿ ಹಾಕಬೇಕು?

ತಡೆಯಲಾರದೆ ಹೋದ ಭಾನುವಾರ ಹನ್ನೊಂದು ಮಕ್ಕಳನ್ನು ನನ್ನ ತೆಂಗಿನ ತೋಟಕ್ಕೆ ಕರೆದೆ. ಅದು ಬಯಲಲ್ಲ, ಬೇಲಿಯಿದೆ, ತಮ್ಮ ಆದೇಶಕ್ಕೆ ಸಿಗುವುದಿಲ್ಲ. ಮೇಡಮ್ಮೂ ಬಂದರು. ಮಕ್ಕಳು ಮರದ ಬುಡದಲ್ಲಿ ಕೂತು ಗರಿ ಬರೆದವು, ಉದುರಿ ಬಿದ್ದ ಎಳೆಗಾಯಿ ಕುರುಂಬೆ ಬರೆದವು. ಗಾನವಿ ಮಾತ್ರ ತಲೆಯೆತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ಏನವ್ವ ಅಂದೆ.

“ಇಲ್ಲಿ ಆಕಾಶ ಬರೀ ಚೂರು ಚೂರು ಸಿಕ್ತದೆ ಕಣ್ ತಾತ.”

ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಸಮಿತಿ ಬರಲಿ, ಬಾರದಿರಲಿ, ಆ ಆದೇಶವನ್ನು ಈ ಶನಿವಾರದೊಳಗೆ ಹಿಂದಕ್ಕೆ ಪಡೆಯಿರಿ. ಸಮಿತಿಯವರು ಕೇಳಿದರೆ ನಾನೇ ಏರಿಯ ಮೇಲೆ ನಿಂತು, ಮಕ್ಕಳು ಏನು ಮಾಡುತ್ತಿದ್ದಾರೆಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತೇನೆ. ನನ್ನ ತೋಟದಲ್ಲಿ ಗರಿಗಳ ಸಂದಿಯಿಂದ ಎಷ್ಟು ಆಕಾಶ ಇಳಿಯುತ್ತದೋ ಅಷ್ಟನ್ನು ನಾನು ಕೊಟ್ಟಾಗಿದೆ. ಉಳಿದದ್ದು ತಮ್ಮ ವಶದಲ್ಲಿದೆ. ಅದನ್ನು ಬಿಟ್ಟುಕೊಡಿ.

ಇಂತಿ,
ಇಷ್ಟು ಬರೆದರೂ ಯಾವುದೋ ಒಂದು ಪದಕ್ಕೆ ಬೇರೆ ಅರ್ಥ ಹುಟ್ಟಿ ಇನ್ನೊಂದು ಜೀಪು ಬಂದೀತೆಂಬ ಅಳುಕಿನಲ್ಲೇ ಸಹಿ ಹಾಕುತ್ತಿರುವ,
ಕರಿಯಪ್ಪ
ತೆಂಗು ಬೆಳೆಗಾರ, ನಾಲ್ಕನೇ ಕ್ಲಾಸಿನ ಒಬ್ಬಳ ತಾತ