ನನ್ನ ಮನೆಯ ಮೇಲಿರುವ ನನ್ನದೇ ಋಣಭಾರದ ಬಗ್ಗೆ

ಮಾನ್ಯ ಆಸ್ತಿ ನೋಂದಣಾಧಿಕಾರಿಗಳೇ,

ನನ್ನ ಮನೆಯನ್ನು ನಾನು ಮಾರದಂತೆ ಒಬ್ಬ ಮನುಷ್ಯ ಅಡ್ಡ ನಿಂತಿದ್ದಾನೆ ಎಂದು ನಿಮ್ಮ ಕಚೇರಿ ನನಗೆ ಬರೆದು ತಿಳಿಸಿದೆ. ಆ ಮನುಷ್ಯ ನಾನೇ. ನಾನು ಅಡ್ಡ ನಿಂತಿಲ್ಲ ಎಂದು ನಾನು ಹೇಳುತ್ತಿದ್ದೇನೆ, ನಿಂತಿದ್ದೀರಿ ಎಂದು ನೀವು ಹೇಳುತ್ತಿದ್ದೀರಿ. ನನ್ನ ವಿಷಯ ನನಗೆ ಹೆಚ್ಚು ಗೊತ್ತೋ ನಿಮಗೆ ಹೆಚ್ಚು ಗೊತ್ತೋ ಎಂಬ ಈ ಜಗಳ ನಿಮ್ಮ ಕೌಂಟರಿನಲ್ಲಿ ತೀರಲಿಲ್ಲ. ಅದಕ್ಕೇ ಪತ್ರಿಕೆಗೆ ತಂದಿದ್ದೇನೆ.

ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಬಡಗಿ. ಮರದ ಮೆಟ್ಟಿಲು ಕಟ್ಟುವುದೇ ನನ್ನ ಕಸುಬು. ಪ್ರಾಯದಲ್ಲಿದ್ದಾಗ ಒಂದು ಮಹಡಿ ಮನೆಗೆ, ಬೀದಿ ಬಾಗಿಲಿನಿಂದ ಮೇಲಿನ ನಡುಮನೆಯವರೆಗೆ ಮೆಟ್ಟಿಲು ಕಟ್ಟಿಕೊಟ್ಟೆ. ಮನೆಯ ಯಜಮಾನರು ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. ಕೆಳಗಿನ ಒಂದು ಮೆಟ್ಟಿಲು ಕಿರುಗುಟ್ಟುತ್ತದೆ ಎಂದು ತಗಾದೆ ತೆಗೆದು ಕೂಲಿಯನ್ನೇ ತಡೆಹಿಡಿದರು. "ಏನಯ್ಯಾ, ನಾನು ಮೆಟ್ಟಿಲು ಮಾಡು ಅಂದ್ನೋ, ಪಿಟೀಲು ಮಾಡು ಅಂದ್ನೋ?" ಎಂದು ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ನೆಟ್ಟಗೆ ನಿಮ್ಮ ಕಚೇರಿಗೆ ಬಂದು ಆ ಮನೆಯ ಮೇಲೆ ಋಣಭಾರ ದಾಖಲಿಸಿದೆ. ಒಂದು ಮನೆಗೆ ದುಡಿದವನಿಗೆ ದುಡ್ಡು ಬರದಿದ್ದರೆ, ಅದು ಬರುವ ತನಕ ಆ ಮನೆ ಸಲೀಸಾಗಿ ಕೈ ಬದಲಾಗದಂತೆ ದಾಖಲೆಯಲ್ಲಿ ಹಾಕುವ ಗಂಟಿಗೆ ಆ ಹೆಸರು. ಒಳ್ಳೆಯ ಕಾನೂನು. ಅದಿಲ್ಲದಿದ್ದರೆ ನನ್ನಂಥವರ ಬೆವರನ್ನು ಯಜಮಾನರುಗಳು ಗಾಳಿಗೆ ತೂರಿಬಿಡುತ್ತಿದ್ದರು. ಈ ಪತ್ರ ಓದಿ ಯಾರೂ ಆ ಕಾನೂನನ್ನು ಕಿತ್ತುಹಾಕುವುದು ಬೇಡ.

ಋಣಭಾರ ಹಾಕಿದ ಮೇಲೆ ವಸೂಲಿಗೆ ಹೋಗಬೇಕಲ್ಲ, ಹೋದೆ. ಬಾಗಿಲು ತೆರೆಯುತ್ತಿದ್ದವಳು ಯಜಮಾನರ ಮಗಳು. "ಅಪ್ಪ ಮನೇಲಿಲ್ಲ ಅಂತ ಹೇಳು ಅಂದಿದಾರೆ" ಎಂದು ಮುಖದ ಮೇಲೆ ಒಂದು ಗೆರೆಯೂ ಬದಲಾಗದೆ ಹೇಳುತ್ತಿದ್ದಳು. ನಾಲ್ಕಾರು ಸಲ ಆದಮೇಲೆ, ಯಜಮಾನರು ಮನೆಯಲ್ಲಿಲ್ಲದ ಹೊತ್ತು ನೋಡಿಯೇ ವಸೂಲಿಗೆ ಹೋಗತೊಡಗಿದೆ. ಮುಂದಿನದನ್ನು ವಿವರಿಸಬೇಕಿಲ್ಲ. ಮದುವೆಯ ಹಿಂದಿನ ದಿನ ಯಜಮಾನರು ನನ್ನ ಕಾರ್ಖಾನೆಗೆ ಬಂದು ಪೂರ್ತಿ ಕೂಲಿಯನ್ನು ನಾನು ಮರ ಹೆರೆಯುತ್ತಿದ್ದ ರಂದದ ಪಕ್ಕದಲ್ಲಿ ಇಟ್ಟರು. "ಮಗಳನ್ನ ಕೊಡ್ತಿದೀನಿ ಕಣಯ್ಯಾ. ಬಾಕಿ ಇಟ್ಕೊಂಡು ಕೊಡಲ್ಲ" ಎಂದರು. ಆ ಮೆಟ್ಟಿಲು ಈಗಲೂ ಕಿರುಗುಟ್ಟುತ್ತದೆ ಎಂದು ಹೋಗುವಾಗ ಸೇರಿಸಿದರು.

ಆಗ ಮಾವನೂ ನಾನೂ ನಿಮ್ಮ ಕಚೇರಿಗೆ ಬಂದು ಆ ನಮೂದನ್ನು ರದ್ದು ಮಾಡಿಸಬೇಕಿತ್ತಂತೆ. ನಾಳೆ ಮದುವೆ ಇಟ್ಟುಕೊಂಡು ಯಾವ ಅಳಿಯ ತಾನೇ ಮಾವನನ್ನು ನೋಂದಣಿ ಕಚೇರಿಗೆ ಕರೆದೊಯ್ಯುತ್ತಾನೆ? ಅಲ್ಲದೆ ಕೆಲಸಗಾರನ ಋಣಭಾರಕ್ಕೆ ಕಾನೂನೇ ಆಯಸ್ಸು ಬರೆದಿಟ್ಟಿದೆ. ದಾಖಲಿಸಿದವನು ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ನಾನು ದಾವೆ ಹೂಡಲಿಲ್ಲ, ಮದುವೆಯಾದೆ. ಮಾವ ತೀರಿಕೊಂಡ ಮೇಲೆ ಮನೆ ನಮ್ಮಿಬ್ಬರ ಹೆಸರಿಗೆ ಬಂತು. ಅದನ್ನು ದಾಖಲಿಸಿ ಮುದ್ರೆ ಒತ್ತಿದವರು ನೀವೇ, ಆಗ ನಿಮ್ಮ ಕಣ್ಣಿಗೆ ಯಾವ ಋಣಭಾರವೂ ಬೀಳಲಿಲ್ಲ.

ಈಗ ಬಿದ್ದಿದೆ. ಯಾಕೆಂದರೆ ಈಗ ನಾವು ಮಾರಬೇಕಾಗಿದೆ. ನನ್ನ ಹೆಂಡತಿಗೆ ಸೊಂಟದ ಕೀಲು ಹೋಗಿ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಮೆಟ್ಟಿಲು ಹತ್ತಿ ಇಳಿಯುವ ಮಾತೇ ಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ನಮ್ಮ ಮನೆಗೆ ಇನ್ನೊಂದು ದಾರಿಯಿಲ್ಲ. ಒಮ್ಮೆ ಪಕ್ಕದ ಅಂಗಡಿಯ ಹಮಾಲರು ಅವಳನ್ನು ಕುರ್ಚಿ ಸಮೇತ ಎತ್ತಿ ಕೆಳಗಿಳಿಸಿದರು. ಆ ದಿನ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಮನೆಗೆ ಬಂದ ಮೇಲೆ, "ಬೀರು ಇಳಿಸಿದ ಹಾಗೆ ಇಳಿಸಿದ್ರಿ. ಇನ್ನು ನನ್ನ ಕೇಳ್ಬೇಡಿ" ಎಂದಳು. ಅಂದಿನಿಂದ ಅವಳು ಬೀದಿಗೆ ಇಳಿದಿಲ್ಲ. ಮಧ್ಯಾಹ್ನ ಗೋಡೆ ಹಿಡಿದು ಬಂದು ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಬೀದಿ ಬಾಗಿಲು ತೆರೆದಿಡಲು ಹೇಳುತ್ತಾಳೆ. ಅಲ್ಲಿಂದ ಬೀದಿಯಲ್ಲಿ ಹೋಗುವವರ ಮೊಣಕಾಲಿನ ತನಕ ಕಾಣುತ್ತದೆ. ಚಪ್ಪಲಿ ನೋಡಿಯೇ ಇಂಥವರು ಹೋದರು ಎಂದು ಹೇಳುವಷ್ಟು ಪಳಗಿದ್ದಾಳೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅವಳನ್ನು ಹಾಗೆ ನೋಡಿದಾಗ ನನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತದೆ, ಆ ಮೆಟ್ಟಿಲನ್ನು ಕಟ್ಟಿದವನು ನಾನೇ ಎಂಬುದಕ್ಕೆ.

ನಮ್ಮದೇ ಬೀದಿಯ ಕೊನೆಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರ ಮನೆಯಿದೆ. ಎರಡೇ ಕೋಣೆ, ನೆಲದ ಮಟ್ಟದ ಮನೆ. ಹೊಸಿಲು ದಾಟಿದರೆ ಬೀದಿ. ಅವರು ಅದನ್ನು ನಮಗೇ ಕೊಡಲು ಒಪ್ಪಿದ್ದಾರೆ, ಈ ತಿಂಗಳ ಕೊನೆಯವರೆಗೆ ಕಾಯುವುದಾಗಿಯೂ ಹೇಳಿದ್ದಾರೆ. ನಮ್ಮ ಮನೆಗೂ ಗಿರಾಕಿ ಸಿಕ್ಕಿದ್ದರು, ಒಬ್ಬ ಸಂಗೀತದ ಮೇಷ್ಟ್ರು. ಕಿರುಗುಟ್ಟುವ ಮೆಟ್ಟಿಲನ್ನು ತುಳಿದು ನೋಡಿ, "ಶ್ರುತಿ ಚೆನ್ನಾಗಿದೆ" ಎಂದವರು. ಮಾವ ಇದ್ದಿದ್ದರೆ ಅವರನ್ನು ಮನೆಯಿಂದ ಓಡಿಸುತ್ತಿದ್ದರು. ಆದರೆ ನಿಮ್ಮ ಕಚೇರಿಯ ದಾಖಲೆಯಲ್ಲಿ ಋಣಭಾರ ಕಂಡದ್ದೇ ತಡ, "ನಾನು ಮನೆ ಕೊಳ್ಳೋಕೆ ಬಂದಿದೀನಿ ಸ್ವಾಮಿ, ಜಗಳ ಕೊಳ್ಳೋಕಲ್ಲ. ಅದನ್ನ ತೆಗೆಸಿ, ಆಮೇಲೆ ಮಾತಾಡೋಣ" ಎಂದು ಹಿಂದೆ ಸರಿದರು. ಅವರದ್ದೇನು ತಪ್ಪು?

ತೆಗೆಸಲು ನಿಮ್ಮ ಕೌಂಟರಿಗೆ ಬಂದೆ. ಅಲ್ಲಿನ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು, ನಿಯಮ ಬಿಟ್ಟು ಒಂದು ಗೆರೆ ಆಚೆ ನೋಡದವರು.

"ಋಣಭಾರ ಹಾಕಿದವರನ್ನ ಕರ್ಕೊಂಡು ಬನ್ನಿ, ಅವರ ಒಪ್ಪಿಗೆ ಬೇಕು."

"ಬಂದಿದಾರೆ ಮೇಡಂ. ನಾನೇ."

"ನೀವು ಮಾಲೀಕರು ಅಲ್ವಾ? ನಾನು ಕೇಳ್ತಿರೋದು ಹಕ್ಕುದಾರರನ್ನ."

"ಅವನೂ ನಾನೇ."

"ಅರ್ಜಿ ಹಾಕಿದೋರೇ ಒಪ್ಪಿಗೆ ಕೊಡೋಕಾಗಲ್ಲ. ಹಕ್ಕುದಾರರಿಗೆ ನಾವು ನೋಟಿಸ್ ಕಳಿಸ್ತೀವಿ. ಅವರು ಉತ್ತರ ಕೊಡ್ಲಿ."

ಆಗಲಿ ಎಂದು ಮನೆಗೆ ಬಂದು, ನನಗೆ ಬರುವ ನೋಟಿಸಿಗೆ ವಿನಯದಿಂದ ಉತ್ತರ ಕೊಡಲು ಕಾದು ಕುಳಿತೆ. ಬರಲಿಲ್ಲ. ನೀವು ಅದನ್ನು ಕಳಿಸಿದ್ದು ಹಳೆಯ ದಾಖಲೆಯಲ್ಲಿದ್ದ ನನ್ನ ಕಾರ್ಖಾನೆಯ ವಿಳಾಸಕ್ಕೆ. ಅದನ್ನು ಕೆಡವಿ ಅಲ್ಲಿ ವಾಹನ ನಿಲ್ದಾಣ ಮಾಡಿ ಕಾಲವಾಯಿತು. ನೋಟಿಸು ವಾಪಸು ಬಂತು. ಮತ್ತೆ ಕೌಂಟರಿಗೆ ಹೋದಾಗ ಗುಮಾಸ್ತೆ ನಿಜವಾಗಿಯೂ ನೊಂದುಕೊಂಡು, "ಅವರು ಪತ್ತೆಯಾಗ್ತಿಲ್ಲ ಸಾರ್" ಎಂದು ನನಗೇ ಸಮಾಧಾನ ಹೇಳಿದರು. ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಳಪೆ ಮರ, ಅದನ್ನೂ ಹೇಳಿಬಿಡುತ್ತೇನೆ.

ಕೊನೆಗೆ ಒಳಕೋಣೆಯಲ್ಲಿ ತಮ್ಮ ದರ್ಶನವಾಯಿತು. ವರ್ಷದ ಗಡುವು ಮುಗಿದಿದೆ, ಆದ್ದರಿಂದ ಇದು ಸತ್ತ ಋಣಭಾರ ಎಂದೆ. ತಾವು ಒಪ್ಪಿದಿರಿ. ಹಾಗಾದರೆ ಅಳಿಸಿ ಎಂದೆ. "ಅವಧಿ ಮುಗಿದಿದೆ ಅಂತ ನನಗೆ ಗೊತ್ತು ಕಣ್ರೀ, ಆದ್ರೆ ಹಾಗಂತ ಹೇಳೋ ಅಧಿಕಾರ ನನಗಿಲ್ಲ. ಕೋರ್ಟ್ ಹೇಳ್ಬೇಕು" ಎಂದಿರಿ. ಕೋರ್ಟಿನಲ್ಲಿ ಮೊದಲ ದಿನಾಂಕ ಸಿಗುವುದೇ ಮುಂದಿನ ವರ್ಷ. ಪೋಸ್ಟ್‌ಮ್ಯಾನ್ ಅಲ್ಲಿಯವರೆಗೆ ಕಾಯುತ್ತಾರೆಯೇ? ಸರಿ, ಹಾಗಾದರೆ ಅದು ಬದುಕಿದೆ ಎಂದೇ ಇಟ್ಟುಕೊಳ್ಳೋಣ, ಜಾರಿ ಮಾಡಿ, ಮನೆಯನ್ನು ಹರಾಜು ಹಾಕಿ, ಮೇಷ್ಟ್ರು ಅಲ್ಲಿಯೇ ಕೊಳ್ಳಲಿ ಎಂದೆ. ತಾವು ನಕ್ಕಿರಿ. "ಅವಧಿ ಮುಗಿದಿದ್ದನ್ನ ಜಾರಿ ಮಾಡೋಕಾಗುತ್ತಾ?" ಎಂದಿರಿ.

ಆ ನಗು ನನಗೆ ಇನ್ನೂ ಕೇಳಿಸುತ್ತಿದೆ. ದುಡಿದವನಿಗೆ ಕೂಲಿ ಕೊಡಿಸುವ ಮಾತು ಬಂದರೆ ಅದು ಸತ್ತಿದೆ. ಮುದುಕಿಯೊಬ್ಬಳನ್ನು ಮಹಡಿಯ ಮೇಲೆ ಕೂಡಿಹಾಕುವ ಮಾತು ಬಂದರೆ ಬದುಕಿದೆ. ಇದೆಂಥ ಜೀವ? ಕಾನೂನು ಮಾಡಿದವರು ಒಂದು ವರ್ಷ ಎಂದು ಬರೆದದ್ದು ಸುಮ್ಮನೆ ಅಲ್ಲ. ಹಕ್ಕಿದ್ದವನು ಬೇಗ ಕೇಳಲಿ, ಕೇಳದಿದ್ದರೆ ಮನೆಯವರನ್ನು ಅವರ ಪಾಡಿಗೆ ಬಿಡಲಿ ಎಂದು. ನೀವು ಆ ಮಾತಿನ ಮೊದಲರ್ಧವನ್ನು ಉಳಿಸಿಕೊಂಡು ಉಳಿದರ್ಧವನ್ನು ಮೂಲೆಗೆ ತಳ್ಳಿದ್ದೀರಿ. ಮುಗಿದದ್ದನ್ನು ಮುಗಿಯಿತು ಎಂದು ಬರೆಯಲು ಧೈರ್ಯವಿಲ್ಲದವರಿಗೆ ಅಷ್ಟು ದೊಡ್ಡ ಮೇಜು ಯಾಕೆ ಬೇಕು?

ಹಕ್ಕುದಾರ ಪತ್ತೆಯಾಗದಿದ್ದರೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅವನು ಪ್ರಕಟವಾಗಿ ಉತ್ತರಿಸಿದರೆ ಅದನ್ನು ಒಪ್ಪಿಗೆಯೆಂದು ಸ್ವೀಕರಿಸಬಹುದು ಎಂಬ ನಿಯಮ ನಿಮ್ಮಲ್ಲಿದೆ. ನನ್ನನ್ನು ಸಾಗಹಾಕಲು ತಾವೇ ಓದಿ ಹೇಳಿದಿರಿ. ಆದ್ದರಿಂದ ಈ ಪತ್ರವೇ ಆ ಪ್ರಕಟಣೆ, ಕೆಳಗೆ ಇರುವುದೇ ಅದಕ್ಕೆ ಉತ್ತರ. ತಿಂಗಳು ಮುಗಿಯುವುದರೊಳಗೆ ಆ ನಮೂದನ್ನು ಹೊಡೆದುಹಾಕಿ. ಆಗುವುದಿಲ್ಲ ಎನ್ನುವುದಾದರೆ, ಆ ಮಾತನ್ನು ಕೌಂಟರಿನಲ್ಲಿ ನನಗೆ ಹೇಳಬೇಡಿ. ನಮ್ಮ ಮನೆಗೆ ಬಂದು, ಮೆಟ್ಟಿಲು ಹತ್ತಿ, ಮೇಲೆ ಕೂತಿರುವವಳಿಗೆ ಹೇಳಿ. ಬಾಗಿಲು ತೆರೆದೇ ಇರುತ್ತದೆ. ಕೆಳಗಿನ ಮೆಟ್ಟಿಲು ಕಿರುಗುಟ್ಟಿದ ಕೂಡಲೇ ಯಾರೋ ಬಂದರೆಂದು ಅವಳಿಗೆ ತಿಳಿಯುತ್ತದೆ.

ಇಂತಿ,
ಮನೆ ಮಾರಲು ಹಕ್ಕುದಾರನ ಅನುಮತಿ ಬೇಡುತ್ತಿರುವ
ಮಾಲೀಕ

ನನ್ನ ಬಾಕಿ ಪೂರ್ತಿ ಸಂದಿದೆ, ಯಾವ ತಕರಾರೂ ಇಲ್ಲ.
ನಿಮಗೆ ಪತ್ತೆಯಾಗದ
ಹಕ್ಕುದಾರ

ಅಪ್ಪ ಕೂಲಿ ಕೊಟ್ಟಿದ್ದು ನನಗೆ ಗೊತ್ತು. ಇವರು ಇಬ್ಬರಲ್ಲ, ಒಬ್ಬರೇ. ಇಷ್ಟು ವರ್ಷ ಅಡುಗೆ ಮಾಡಿ ಹಾಕಿದವಳು ನಾನು, ಎಣಿಕೆ ತಪ್ಪುವುದಿಲ್ಲ.
ಮೆಟ್ಟಿಲ ತುದಿಯಿಂದ,
ಯಜಮಾನರ ಮಗಳು