ನಾಲ್ಕು ಗೋಡೆಯೊಳಗಿನ ಅಳು

1710, ಫೆಬ್ರವರಿ 9

ಬೆಳಿಗ್ಗೆಯಿಂದ ಮೇಣದಬತ್ತಿ ಎರಕ. ಕುರಿಕೊಬ್ಬಿನ ನಾತ ಕೂದಲಿಗೂ ಹತ್ತಿದೆ. ಸಾವಿನ ಮನೆಗೆ ಬಂದವರು ಇದ್ದಬದ್ದ ಬತ್ತಿಯನ್ನೆಲ್ಲ ಉರಿಸಿ, ಏಲ್ ಮದ್ಯದ ಪೀಪಾಯಿ ಬರಿದು ಮಾಡಿ ಹೋದರು. ನಿನಿಯನ್ ಮಣ್ಣು ಸೇರಿ ಇನ್ನೂ ವಾರವಿಲ್ಲ. ನನ್ನ ದೊಡ್ಡ ತಮ್ಮ. ಜ್ವರ ಬಂತು, ಹೋದ. ಅವನ ಹೆಂಡತಿ ಲಿಲಿಯಾಸ್ ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದಿಲ್ಲ. ಡಿಸೆಂಬರಿನಲ್ಲಿ ಮಗು, ಈಗ ಗಂಡ...

ಚಿಕ್ಕ ತಮ್ಮ ಗ್ಯಾವಿನ್ ಇವತ್ತೇ ಅಣ್ಣನ ಕುರ್ಚಿಯಲ್ಲಿ ಕೂತ. ಮೂಳೆಯೊಳಗಿನ ಮಜ್ಜೆ ಸೊರ್ರನೆ ಹೀರುತ್ತ ಜಿಡ್ಡು ಬೆರಳಲ್ಲಿ ತಿಂಗಳು ಎಣಿಸಿದ.

"ಅವರ ಮದ್ವೆ ಆಗಿದ್ದು ಹೋದ ಮಾರ್ಚಲ್ಲಿ ಅಲ್ವೇನಕ್ಕಾ?"

ಹೌದು ಅಂದೆ. ಮುಖ ಅರಳಿತು. ಯಾಕೆಂದು ತಿಳಿಯಲಿಲ್ಲ.

ಫೆಬ್ರವರಿ 12

ತಿಳಿಯಿತು. ಪಟ್ಟಣದಿಂದ ವಕೀಲ ಮಾಂಕರನನ್ನು ಕರೆಸಿದ್ದಾನೆ. ಉರಿಯುವ ಮನೆಯಲ್ಲಿ ಗಳ ಹಿರಿಯುವವನು ನನ್ನ ಒಡಹುಟ್ಟಿದವನು.

ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಪಾಲು ಹೆಂಡತಿ ಬದುಕಿರುವ ತನಕ ಅವಳದು. ಆದರೆ ಮದುವೆಯಾಗಿ ಒಂದು ವರ್ಷ ಒಂದು ದಿನ ತುಂಬಿರಬೇಕು. ತುಂಬದಿದ್ದರೆ ಮದುವೆಯೇ ಆಗಿಲ್ಲವೆಂಬ ಲೆಕ್ಕ — ತಂದ ಮಂಚ, ಹಸು ಹಿಡಿದುಕೊಂಡು ತವರಿಗೆ ನಡೆಯಬೇಕು. ಲಿಲಿಯಾಸಳ ತವರು ಎಂದರೆ ಚಿಕ್ಕಪ್ಪನ ಅಟ್ಟ. ಹಾಸಿಗೆ ಹಿಡಿದ ಮುದುಕಿಯರ ಮಲಮೂತ್ರ ಬಳಿಯಲು ಅಲ್ಲಿ ಸಂಬಳವಿಲ್ಲದ ಆಳು ಬೇಕಂತೆ.

ಮಗು ಹುಟ್ಟಿದ್ದರೆ ವರ್ಷ ತುಂಬಬೇಕಿಲ್ಲ. ಹುಟ್ಟಿತ್ತಲ್ಲ ಅಂದೆ.

"ಹುಟ್ಟಿದ್ರೆ ಸಾಲ್ದಮ್ಮ," ಅಂದ ಮಾಂಕರ್. "ಅತ್ತಿರ್ಬೇಕು. ಅತ್ತಿದ್ದನ್ನ ಯಾರಾದ್ರೂ ಕೇಳಿರ್ಬೇಕು."

"ಉಸಿರಾಡಿದ್ರೆ?"

"ಸಾಲ್ದು."

"ಕಣ್ಣು ಬಿಟ್ಟು ನೋಡಿದ್ರೆ?"

"ಸಾಲ್ದು. ಸೀನಿದ್ರೂ ಸಾಲ್ದು. ನಾಲ್ಕು ಗೋಡೆ ಒಳಗೆ ಅಳು ಕೇಳಿರ್ಬೇಕು. ಕಾನೂನು."

ಥೂ. ಹೇಳುತ್ತ ಹೇಳುತ್ತ ಬ್ಯಾನಕ್ ರೊಟ್ಟಿಗೆ ಬೆಣ್ಣೆ ಸವರಿಕೊಂಡ. ಆ ಬೆಣ್ಣೆ ಕಡೆದವಳು ಲಿಲಿಯಾಸ್.

ಫೆಬ್ರವರಿ 13

ಅಳಲಿಲ್ಲ.

ಕೋಣೆಯಲ್ಲಿದ್ದದ್ದು ನಾನು, ಸೂಲಗಿತ್ತಿ ಎಲ್ಸ್‌ಪೆತ್, ಎಚ್ಚರ ತಪ್ಪಿದ ಲಿಲಿಯಾಸ್. ಮಗು ನನ್ನ ಬೆರಳು ಹಿಡಿಯಿತು, ಗಟ್ಟಿಯಾಗಿ. ಕಣ್ಣು ಬಿಟ್ಟು ಒಲೆಯ ಬೆಂಕಿ ನೋಡಿತು. ಎಲ್ಸ್‌ಪೆತ್ ಒಂದು ಕೊಡ ನೀರು ಕಾಯಿಸುವಷ್ಟು ಹೊತ್ತು ಬದುಕಿತ್ತು. ದನಿ ಮಾತ್ರ ಬರಲಿಲ್ಲ. ಲಿಲಿಯಾಸ್ ಎಚ್ಚೆತ್ತಾಗ ಬಟ್ಟೆ ಸುತ್ತಿಯಾಗಿತ್ತು. ಅವಳು ಏನೂ ಕೇಳಲಿಲ್ಲ. ನಮಗೂ ಬಾಯಿ ಬರಲಿಲ್ಲ.

ಜಮೀನಿನ ವ್ಯಾಜ್ಯದಲ್ಲಿ ಹೆಂಗಸರ ಸಾಕ್ಷಿ ನಡೆಯುವುದಿಲ್ಲ. ಹೆರಿಗೆ ಕೋಣೆಯದಾದರೆ ನಡೆಯುತ್ತದೆ — ಒಳಗೆ ಕಾಲಿಡಲು ಗಂಡಸರಿಗೆ ಅಸಹ್ಯ ನೋಡಿ. ಹಾಗಾಗಿ ಈಗ ನಾನು ಬೇಕು, ಎಲ್ಸ್‌ಪೆತ್ ಬೇಕು. ಇಬ್ಬರಲ್ಲಿ ಒಬ್ಬರು ಹೇಳಿದರೆ ಸಾಲದು.

ಫೆಬ್ರವರಿ 27



ಗ್ಯಾವಿನ್ ಕೊಟ್ಟಿಗೆಯಿಂದ ಎಳೆಯ ಕುರಿಮರಿ ತಂದ. ಅದನ್ನು ಹೆರಿಗೆ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿಸಿದ. ಆಳು ಒಳಗಿನಿಂದ ಅದರ ಕಿವಿ ಹಿಂಡಬೇಕು, ಮಾಂಕರ್ ಕೆಳಗಿನ ಹಜಾರದಲ್ಲಿ ನಿಂತು ಕೇಳಬೇಕು. ಮರಿಯ ದನಿ ಕೆಳಗೆ ಕೇಳಿದರೆ ಮಗುವಿನ ದನಿಯೂ ಕೇಳಬೇಕಿತ್ತು. ಆ ದಿನ ಗ್ಯಾವಿನ್ ಕೆಳಗೇ ಕೂತಿದ್ದ, ಅವನಿಗೆ ಕೇಳಲಿಲ್ಲ. ಇದು ಅವನ ವಾದ.

ಮರಿ ಅರಚಿತು. ಮತ್ತೆ ಮತ್ತೆ.

ಪಕ್ಕದ ಕೋಣೆಯಿಂದ ಲಿಲಿಯಾಸ್ ಬರಿಗಾಲಲ್ಲಿ ಓಡಿ ಬಂದಳು. ಇಷ್ಟು ದಿನದಲ್ಲಿ ಹಾಸಿಗೆ ಬಿಟ್ಟು ಎದ್ದದ್ದು ಇದೇ ಮೊದಲು. ಬಾಗಿಲು ತಳ್ಳಿ ಮರಿಯನ್ನು ಎತ್ತಿಕೊಂಡಳು.

"ಇದಕ್ಕೆ ಹಸಿವಾಗಿದೆ. ತಾಯಿ ಹತ್ರ ಬಿಡಿ," ಅಂದಳು. ಅಷ್ಟೇ.

ಕೆಳಗಿನಿಂದ ಗ್ಯಾವಿನ್: "ನೋಡಿದ್ರಾ ವಕೀಲ್ರೇ, ಚೆನ್ನಾಗೇ ಕೇಳ್ಸುತ್ತೆ."

ಹಿತ್ತಿಲಿಗೆ ಹೋಗಿ ಕಾರಿದೆ. ಮಧ್ಯಾಹ್ನದ ಗಂಜಿಯೆಲ್ಲ ಬಂತು.

ಮಾರ್ಚ್ 3

ಗ್ಯಾವಿನ್ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. ಬೆಚ್ಚಗಿನ, ಒದ್ದೆ ಕೈ.

"ಅಕ್ಕಾ, ಇದ್ದದ್ದು ಇದ್ದ ಹಾಗೆ ಹೇಳು, ಸಾಕು. ನಾನೇನು ಸುಳ್ಳು ಹೇಳು ಅಂದ್ನಾ?"

ಹೇಸಿಗೆ ಆಗುವುದು ಇದಕ್ಕೇ. ಅವನು ಕೇಳುತ್ತಿರುವುದು ನಿಜವನ್ನೇ.

"ನಿಂಗೂ ಮದ್ವೆಯಿಲ್ಲ, ಮಕ್ಕಳಿಲ್ಲ," ಅಂದ. "ನಾಳೆ ಕೂತಲ್ಲೇ ಕೂತಾಗ ಗಂಜಿ ಹಾಕೋನು ನಾನೇ ತಾನೆ?"

"ನಿಂಗೆ ಚಿಕ್ಕೋನಿದ್ದಾಗ ಗಂಜಿ ಹಾಕಿದ್ದು ಯಾರೋ?" ಅಂದೆ. ನಕ್ಕ. ಹಲ್ಲಿನ ಸಂದಿಯಲ್ಲಿ ಸೊಪ್ಪು.

ಸಂಜೆ ಎಲ್ಸ್‌ಪೆತ್ ಗುಡಿಸಲಿಗೆ ಹೋದೆ. ಹೆರಿಂಗ್ ಮೀನು ಸೀಳುತ್ತಿದ್ದಳು. ನನ್ನನ್ನು ನೋಡಿದ್ದೇ ತಡ ತಲೆ ಅಲ್ಲಾಡಿಸಿದಳು.

"ಬೇಡಿ ಬೆಥಿಯಮ್ಮ. ಕೇಳ್ಬೇಡಿ. ಇವತ್ತೋ ನಾಳೆಯೋ ಅನ್ನೋ ಮುದುಕಿ ನಾನು. ಸುಳ್ಳು ಪ್ರಮಾಣ ಮಾಡಿ ದೇವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಸರಿಯಾದ ಮಾತು. ಮೀನಿನ ಪೊರೆ ಲಂಗಕ್ಕೆ ಅಂಟಿಸಿಕೊಂಡು ಬಂದೆ.

ಮಾರ್ಚ್ 19

ಹೇಳಿಬಿಟ್ಟೆ.

ಕೋರ್ಟಿನ ತುಂಬ ಗಂಡಸರು. ಒದ್ದೆ ಉಣ್ಣೆಯ ನಾತ, ತಂಬಾಕು. ಬಲಗೈ ಎತ್ತಿ ದೇವರ ಹೆಸರು ಹೇಳಿದೆ. ಮಗು ಅತ್ತಿತೇ ಎಂದು ನ್ಯಾಯಪೀಠದಲ್ಲಿದ್ದ ಷೆರೀಫ್ ಕೇಳಿದ. ಅತ್ತಿತು ಅಂದೆ. ನನ್ನ ದನಿಗೆ ನನಗೇ ಆಶ್ಚರ್ಯ — ಅಂಗಳದಲ್ಲಿ ಕೋಳಿ ಕರೆಯುವಾಗಿನ ದನಿ.

ಮಾಂಕರ್ ಎದ್ದ. "ಎಷ್ಟು ಜೋರಾಗಿ ಅತ್ತಿತಮ್ಮ?"

"ನಿಮಗೆ ಮಕ್ಕಳೆಷ್ಟು ವಕೀಲ್ರೇ?"

"ಏಳು. ಯಾಕೆ?"

"ಒಂದಾದ್ರೂ ಹುಟ್ಟುವಾಗ ಹತ್ರ ಇದ್ರಾ?"

ಹಿಂದಿನ ಬೆಂಚಿನವರು ನಕ್ಕರು. ಮಾಂಕರನ ಕಿವಿ ಕೆಂಪಾಯಿತು. "ಇರ್ಲಿಲ್ಲ" ಅಂತ ಗೊಣಗಿದ.

"ಹಾಗಾದ್ರೆ ಹೇಳಿದ್ರೂ ತಿಳಿಯಲ್ಲ ಬಿಡಿ," ಅಂದೆ.

ಆಮೇಲೆ ಎಲ್ಸ್‌ಪೆತ್. ಗ್ಯಾವಿನ್ ಅವಳನ್ನು ತನ್ನ ಕಡೆಯ ಸಾಕ್ಷಿ ಎಂದೇ ಕರೆತಂದಿದ್ದ. ಮುದುಕಿ ಕೈ ಎತ್ತಿದಳು, ನನ್ನ ಕಡೆ ನೋಡಲಿಲ್ಲ. ಬಹಳ ಹೊತ್ತು ಬಾಯಿ ಮೆಲುಕಾಡಿಸಿದಳು. 

"ಬೆಥಿಯಮ್ಮನಿಗೆ ಏನು ಕೇಳಿಸ್ತೋ ನಂಗೂ ಅದೇ ಕೇಳಿಸ್ತು ಸ್ವಾಮಿ. ಅದಕ್ಕಿಂತ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಸುಳ್ಳಲ್ಲ. ಅಕ್ಷರ ಅಕ್ಷರವೂ ನಿಜ. ಷೆರೀಫ್ ಬರೆದುಕೊಳ್ಳಿ ಅಂದ, ಗುಮಾಸ್ತ ಬರೆದುಕೊಂಡ. ಮೂರನೇ ಒಂದು ಪಾಲು ಲಿಲಿಯಾಸಳದು. ಗ್ಯಾವಿನ್ ಮುಖ ಒಡೆದ ಹಾಲಿನಂತಾಯಿತು.

ಖುಷಿಯಾಗಬೇಕಿತ್ತು. ಬಾಯಲ್ಲಿ ಕಹಿ. ಬೆರಳು ಹಿಡಿದ ಜೀವವನ್ನು ಜೀವವೆಂದು ಒಪ್ಪಿಸಲು ದೇವರ ಮೇಲೆ ಸುಳ್ಳು ಆಣೆ ಬೇಕಾಯಿತು. ನನಗೆ ನರಕವಾದರೆ ಆಗಲಿ. ಅಲ್ಲಿಯೂ ಈ ವಕೀಲರೇ ಇರುತ್ತಾರೇನೋ.

ಏಪ್ರಿಲ್ 11

ನಿನ್ನೆ ಷೆರೀಫನ ಕಡೆಯವರು ಬಂದು ಹೊಲ ಅಳೆದರು. ಲಿಲಿಯಾಸಳ ಪಾಲನ್ನು ಬಿಸಿಲ ದಿಕ್ಕಿನಿಂದ ಎಣಿಸಬೇಕೋ ನೆರಳ ದಿಕ್ಕಿನಿಂದಲೋ ಎಂದು ಚೀಟಿ ಎತ್ತಿದರು. ಚೀಟಿಯಲ್ಲಿ ಬಿಸಿಲು ಬಂತು. ಕೆಳಹೊಲ, ಅದರಲ್ಲಿರುವ ಖಾಲಿ ಗುಡಿಸಲು ಲಿಲಿಯಾಸಳ ಪಾಲಿಗೆ. ಗ್ಯಾವಿನ್ ನನ್ನನ್ನೂ ಮನೆ ಬಿಡು ಅಂದಿದ್ದಾನೆ. "ನಿನ್ನ ಮುಖ ನೋಡಿದ್ರೆ ಅಸಹ್ಯ ಆಗುತ್ತೆ" ಅಂದ. ಅವನಿಗೆ ಅಸಹ್ಯವಂತೆ. ಇರಲಿ, ಇಬ್ಬರೂ ಅಲ್ಲಿಗೇ ಹೊರಟೆವು. ಗಾಡಿ ಬರಬೇಕು.

ಲಿಲಿಯಾಸ್ ಈಗ ಬಂದು ನನ್ನ ಪೆಟ್ಟಿಗೆಯ ಮೇಲೆ ಕೂತಳು. ಕೋರ್ಟಿನ ದಿನದಿಂದ ಅವಳ ಮುಖಕ್ಕೆ ರಕ್ತ ಬಂದಿದೆ. ಊಟ ಮಾಡುತ್ತಾಳೆ. ಜಮೀನು ಸಿಕ್ಕಿದ ನೆಮ್ಮದಿ ಅಂದುಕೊಂಡಿದ್ದೆ.

"ಅಕ್ಕಾ," ಅಂದಳು, "ನಾನು ಅದು ಸತ್ತೇ ಹುಟ್ಟಿತ್ತು ಅಂದ್ಕೊಂಡಿದ್ದೆ. ಕೇಳೋಕೆ ಧೈರ್ಯ ಆಗ್ಲಿಲ್ಲ. ನೀವು ಪ್ರಮಾಣ ಮಾಡಿದ್ಮೇಲೇ ಗೊತ್ತಾಗಿದ್ದು, ಅತ್ತಿತ್ತು ಅಂತ. ದಿನಾ ಅದನ್ನೇ ನೆನೆಸ್ಕೊಂಡು ಮಲಗ್ತೀನಿ. ಹೆಂಗೆ ಅತ್ತಿತಕ್ಕಾ? ಒಂದ್ಸಲ ಹಂಗೇ ಮಾಡಿ ತೋರ್ಸಿ."

ಇದೊಂದು ಬರೆದು ಮುಗಿಸ್ತೀನಿ, ಇರು ಅಂದೆ.

ಕಾಯುತ್ತ ಕೂತಿದ್ದಾಳೆ. ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ. ಇನ್ನೇನು ಬರೆಯಲಿ... ಹೊರಗೆ ಗಾಳಿ. ಗಾಡಿ ಇನ್ನೂ ಬಂದಿಲ್ಲ. ಬತ್ತಿ ಕಟ್ಟಿಯಾಗಿದೆ, ಹಿಟ್ಟು ಕಟ್ಟಿಯಾಗಿದೆ, ಇನ್ನು —